ಡಿಸ್ನಿಗೆ ಯಾವಾಗ ಹೋಗಬೇಕು? ಲೇಬರ್ ಡೇ ಮುಗಿದ ಮಾರನೇ ದಿನ

ಮಾರ್ಚ್ ಬಂತೆಂದರೆ ನಮ್ಮ ಮನೆಗೆ ಫೋನುಗಳು ಶುರುವಾಗುತ್ತವೆ. ನಾವಿರುವುದು ಅಟ್ಲಾಂಟಾದಲ್ಲಿ. ಡಿಸ್ನಿ ವರ್ಲ್ಡ್ ಅನ್ನುವ ಮನರಂಜನಾ ಪಾರ್ಕುಗಳಿರುವ ಫ್ಲಾರಿಡಾದ ಆರ್ಲ್ಯಾಂಡೊಗೆ ಇಲ್ಲಿಂದ ಕಾರಿನಲ್ಲಿ ಏಳು ತಾಸು, ಸುಮಾರು 440 ಮೈಲಿ. ಅಲ್ಲಿಗೆ ಸಾಕಷ್ಟು ಸಲ ಹೋಗಿ ಬಂದಿದ್ದೇವೆ ಅಂತ ಎಲ್ಲರಿಗೂ ಗೊತ್ತು. ನ್ಯೂಜೆರ್ಸಿಯ ಗೆಳತಿ, ಡಲ್ಲಾಸಿನ ಭಾವ, ಬೆಂಗಳೂರಿನಿಂದ ಮಗನ ಮನೆಗೆ ಹೊರಟು ನಿಂತ ಚಿಕ್ಕಮ್ಮ, ಎಲ್ಲರದೂ ಒಂದೇ ಪ್ರಶ್ನೆ: "ಡಿಸ್ನಿ ವರ್ಲ್ಡಿಗೆ ಯಾವಾಗ ಹೋದರೆ ಒಳ್ಳೇದು?"

ನನ್ನ ಉತ್ತರ ಹಲವು ವರ್ಷಗಳಿಂದ ಬದಲಾಗಿಲ್ಲ. ಸೆಪ್ಟೆಂಬರಿನ ಮೊದಲ ಸೋಮವಾರ ಅಮೆರಿಕದಲ್ಲಿ ಲೇಬರ್ ಡೇ, ಅಂದರೆ ಕಾರ್ಮಿಕರ ದಿನದ ರಜೆ. ಅದರ ಮಾರನೇ ದಿನ ಮಂಗಳವಾರದಿಂದ ಮುಂದಿನ ಎರಡೂವರೆ ವಾರದೊಳಗೆ, ಶನಿವಾರ ಭಾನುವಾರ ಬಿಟ್ಟು, ನಾಲ್ಕು ದಿನ ಹೋಗಿ ಬನ್ನಿ.

ಕಾರಣ ಸರಳ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಶಾಲೆ ಆಗಸ್ಟಿನಲ್ಲೇ ಶುರುವಾಗಿರುತ್ತದೆ. ಉತ್ತರದ ಹಲವು ಊರುಗಳಲ್ಲಿ ಲೇಬರ್ ಡೇ ಆದ ಮೇಲೆ ಬಾಗಿಲು ತೆಗೆಯುತ್ತಾರೆ. ಹಾಗಾಗಿ ಈ ಎರಡು ಮೂರು ವಾರ ದೇಶದ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ತರಗತಿಯಲ್ಲಿರುತ್ತಾರೆ. ಅಕ್ಟೋಬರ್ ಬಂದರೆ ಶಾಲೆಗಳಿಗೆ ಫಾಲ್ ಬ್ರೇಕ್ ರಜೆ, ಕೊಲಂಬಸ್ ಡೇ ರಜೆ ಅಂತ ಜನ ಮತ್ತೆ ತುಂಬಿಕೊಳ್ಳುತ್ತಾರೆ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ, ಡಿಸೆಂಬರಿನ ಕೊನೆಯ ವಾರವಂತೂ ಬೇಡವೇ ಬೇಡ. 2018ರ ಅಕ್ಟೋಬರಿನಿಂದ ಟಿಕೆಟ್ ದರವನ್ನೂ ದಿನಾಂಕ ನೋಡಿಯೇ ಇಡುತ್ತಿದ್ದಾರೆ. ಜನ ಕಡಿಮೆ ಇರುವ ಸೆಪ್ಟೆಂಬರಿನಲ್ಲಿ ಟಿಕೆಟ್ಟೂ ಅಗ್ಗ, ಹೋಟೆಲ್ ಕೋಣೆಯೂ ಅಗ್ಗ.

ಆದರೆ ದುಡ್ಡು ಉಳಿಯುತ್ತದೆ ಅಂತ ನಾನು ಸೆಪ್ಟೆಂಬರ್ ಹೇಳುವುದಲ್ಲ. ಅವಸರ ಇಲ್ಲದೆ ನೋಡಬಹುದು ಅಂತ ಹೇಳುವುದು. ಜುಲೈನಲ್ಲಿ ಒಮ್ಮೆ ಹೋಗಿದ್ದೆವು. ಬೆಳಗ್ಗೆ ಏಳಕ್ಕೆ ಫೋನ್ ಹಿಡಿದು ಕೂತು, ಯಾವ ರೈಡಿಗೆ ಎಷ್ಟು ಗಂಟೆಗೆ ಅಂತ ಲೆಕ್ಕ ಹಾಕಿ, ಮಕ್ಕಳನ್ನು ಎಳೆದುಕೊಂಡು ಓಡಿದ್ದಷ್ಟೇ ನೆನಪು. ರಾತ್ರಿ ಹೋಟೆಲಿಗೆ ಬಂದಾಗ ಯಾರೂ ಯಾರ ಹತ್ತಿರವೂ ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ. 2023ರ ಸೆಪ್ಟೆಂಬರಿನಲ್ಲಿ, ಗಣೇಶನ ಹಬ್ಬಕ್ಕೆ ಒಂದು ವಾರ ಮೊದಲು, ಅಮ್ಮನನ್ನೂ ನಾಲ್ಕು ವರ್ಷದ ಚಿಕ್ಕ ಮಗಳನ್ನೂ ಕರೆದುಕೊಂಡು ಹೋದೆವು. ಅದೇ ಜಾಗ, ಆದರೆ ಆ ಪ್ರವಾಸವೇ ಬೇರೆ.

ಡಿಸ್ನಿಯಲ್ಲಿ ನಾಲ್ಕು ಪಾರ್ಕುಗಳಿವೆ. 1971ರಲ್ಲಿ ತೆರೆದ ಮ್ಯಾಜಿಕ್ ಕಿಂಗ್ಡಮ್, 1982ರ ಎಪ್ಕಾಟ್, 1989ರ ಹಾಲಿವುಡ್ ಸ್ಟುಡಿಯೋಸ್, 1998ರ ಅನಿಮಲ್ ಕಿಂಗ್ಡಮ್. ದಿನಕ್ಕೊಂದು ಅಂತ ಇಟ್ಟುಕೊಳ್ಳಿ. ಚಿಕ್ಕ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಹಾಲಿವುಡ್ ಸ್ಟುಡಿಯೋಸಿಗೆ ಅರ್ಧ ದಿನ ಸಾಕು.

ಅನಿಮಲ್ ಕಿಂಗ್ಡಮ್ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ಅಲ್ಲಿ ಏಷ್ಯಾ ಅಂತ ಒಂದು ಭಾಗವಿದೆ. ಅದನ್ನು ಒಂದು ಕಲ್ಪಿತ ರಾಜ್ಯವಾಗಿ ಕಟ್ಟಿದ್ದಾರೆ, ಹೆಸರು ಆನಂದಪುರ. ಹಳೇ ಅರಮನೆಯ ಪಾಳುಗೋಡೆಗಳ ನಡುವೆ ಹುಲಿಗಳು ಮಲಗಿರುತ್ತವೆ. ಬೀದಿಯ ಗೋಡೆಗಳ ಮೇಲೆ ಬಣ್ಣ ಮಾಸಿದ ಬೋರ್ಡುಗಳು, ಮೇಲೆ ಗಾಳಿಗೆ ಹಾರುವ ಬಣ್ಣದ ಬಟ್ಟೆಯ ಬಾವುಟಗಳು. ನಮ್ಮಮ್ಮ ಸಾಗರದ ಕಡೆಯವರು. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಆನಂದಪುರ ಸಿಗುತ್ತದಲ್ಲ, ಅಲ್ಲಿ ಬಸ್ಸು ಹತ್ತಿ ಇಳಿದು ಬೆಳೆದವರು. ಬೋರ್ಡಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿ, ನನ್ನ ತೋಳು ಹಿಡಿದು ನಿಂತುಬಿಟ್ಟರು. "ಎಂತದೇ ಇದು, ನಮ್ಮ ಆನಂದಪುರ ಇಲ್ಲಿಗೆ ಬಂತಾ ಮಾರಾಯ್ತಿ?"

ಹಿಂದಿನಿಂದ ಯಾರೂ ತಳ್ಳುತ್ತಿರಲಿಲ್ಲ. ಅಮ್ಮ ಅಲ್ಲೇ ಕಲ್ಲುಕಟ್ಟೆಯ ಮೇಲೆ ಕೂತು ಚಪ್ಪಲಿ ಬಿಚ್ಚಿಟ್ಟು, ಮೊಮ್ಮಗಳಿಗೆ ತಮ್ಮ ಆನಂದಪುರದ ಬಸ್‌ಸ್ಟ್ಯಾಂಡಿನ ಕಥೆ ಹೇಳಿದರು. ಇಪ್ಪತ್ತು ನಿಮಿಷ ಆಗಿರಬಹುದು. ಜುಲೈನಲ್ಲಿ ಆಗಿದ್ದರೆ ನಾನೇ "ಏಳಮ್ಮ, ಲೇಟಾಗ್ತಿದೆ" ಅಂತ ಎಬ್ಬಿಸಿರುತ್ತಿದ್ದೆ.

ಎಪ್ಕಾಟಿನಲ್ಲೂ ಹೀಗೇ ಆಯಿತು. ಅಲ್ಲಿ 'ಲಿವಿಂಗ್ ವಿತ್ ದ ಲ್ಯಾಂಡ್' ಅಂತ ಒಂದು ದೋಣಿ ಸವಾರಿ ಇದೆ. ದೋಣಿ ನಿಧಾನಕ್ಕೆ ಹಸಿರುಮನೆಗಳ ಒಳಗೆ ಸಾಗುತ್ತದೆ. ಮಣ್ಣಿಲ್ಲದೆ ಬೆಳೆದ ಟೊಮ್ಯಾಟೊ, ಬದನೆ, ನೇತಾಡುವ ಕುಂಬಳಕಾಯಿ, ಪರಂಗಿ, ಬಾಳೆ, ಎಲ್ಲ ಕೈಗೆಟುಕುವಷ್ಟು ಹತ್ತಿರ. ಅಲ್ಲಿ ಬೆಳೆದ ತರಕಾರಿಯನ್ನು ಅಲ್ಲಿನ ಊಟದ ಮನೆಗಳಿಗೇ ಬಳಸುತ್ತಾರೆ. ತೋಟದ ಮನೆಯಲ್ಲಿ ಬದುಕಿದ ಅಮ್ಮನಿಗೆ ಇಡೀ ಡಿಸ್ನಿಯಲ್ಲಿ ಇದಕ್ಕಿಂತ ದೊಡ್ಡ ರೈಡ್ ಇರಲಿಲ್ಲ. ಸಾಲು ಇಲ್ಲದ್ದರಿಂದ ಮೂರು ಸಲ ಹೋದೆವು. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ.

ಇನ್ನು ಬಿಸಿಲು, ಮಳೆ. ಸೆಪ್ಟೆಂಬರ್ ಅಂದರೆ ಉತ್ತರದ ಕಡೆಯವರಿಗೆ ತಂಪು ಶುರು. ಆರ್ಲ್ಯಾಂಡೊದಲ್ಲಿ ಹಾಗಿಲ್ಲ. ಮಧ್ಯಾಹ್ನ 32 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಜೊತೆಗೆ ಮಂಗಳೂರಿನ ಮೇ ತಿಂಗಳಂಥ ಸೆಕೆ. ಎರಡು ಮೂರು ಗಂಟೆಗೆ ಮೋಡ ಕಟ್ಟಿ, ಗುಡುಗು ಸಿಡಿಲಿನ ಜೊತೆ ಜೋರು ಮಳೆ. ಸಿಡಿಲು ಇದ್ದರೆ ಬಯಲಿನ ರೈಡುಗಳನ್ನೆಲ್ಲ ನಿಲ್ಲಿಸುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಮಳೆ ನಿಂತು ಮತ್ತೆ ಬಿಸಿಲು ಬರುವುದೇ ಹೆಚ್ಚು.

ಈ ಮಳೆಗೆ ಬೈದುಕೊಳ್ಳುವ ಬದಲು ದಿನವನ್ನೇ ಅದಕ್ಕೆ ಹೊಂದಿಸಿಕೊಳ್ಳಿ. ಬಾಗಿಲು ತೆಗೆಯುವ ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲಿ. ಡಿಸ್ನಿಯ ಹೋಟೆಲಿನಲ್ಲಿ ಉಳಿದವರನ್ನು ಅರ್ಧ ಗಂಟೆ ಮುಂಚೆ ಒಳಗೆ ಬಿಡುತ್ತಾರೆ, ಅದನ್ನು ಬಿಡಬೇಡಿ. ದೊಡ್ಡ ರೈಡುಗಳನ್ನು ಹನ್ನೊಂದರ ಒಳಗೆ ಮುಗಿಸಿ. ಅನಿಮಲ್ ಕಿಂಗ್ಡಮ್ ಸಫಾರಿಯಂತೂ ಬೆಳಗ್ಗೆಯೇ ಆಗಬೇಕು, ಪ್ರಾಣಿಗಳು ಎದ್ದು ಓಡಾಡುವುದು ಆಗಲೇ. ಮಧ್ಯಾಹ್ನ ಹೋಟೆಲಿಗೆ ಹೋಗಿ ಒಂದು ನಿದ್ದೆ ಮಾಡಿ, ಸಂಜೆ ಐದಕ್ಕೆ ಮತ್ತೆ ಬನ್ನಿ. ವಾಪಸ್ ಹೋಗಲು ಆಗದಿದ್ದರೆ ಕೂತು ನೋಡುವಂಥದ್ದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಮ್ಯಾಜಿಕ್ ಕಿಂಗ್ಡಮ್ಮಿನಲ್ಲಿ 'ಕರೌಸೆಲ್ ಆಫ್ ಪ್ರೋಗ್ರೆಸ್' ಇದೆ. 1964ರ ನ್ಯೂಯಾರ್ಕ್ ವಿಶ್ವಮೇಳಕ್ಕೆ ಮಾಡಿದ ನಾಟಕ ಅದು, ಪ್ರೇಕ್ಷಕರು ಕೂತ ಸಭಾಂಗಣವೇ ರಂಗದ ಸುತ್ತ ತಿರುಗುತ್ತದೆ. ಇಪ್ಪತ್ತು ನಿಮಿಷ ತಂಪಾದ ಎಸಿಯಲ್ಲಿ ಕೂರಬಹುದು. ಹೊರಗೆ ಸಿಡಿಲು ಬಡಿಯುತ್ತಿರುವಾಗ ನಮ್ಮ ಮಗಳು ಅಜ್ಜಿಯ ತೊಡೆಯ ಮೇಲೆ ಅಲ್ಲೇ ನಿದ್ದೆ ಹೋದಳು.

ಚಂಡಮಾರುತದ ವಿಷಯ ಮುಚ್ಚಿಡುವುದಿಲ್ಲ. ಜೂನ್ 1ರಿಂದ ನವೆಂಬರ್ 30ರವರೆಗೆ ಅಟ್ಲಾಂಟಿಕ್ ಚಂಡಮಾರುತಗಳ ಕಾಲ, ಅವು ಅತಿ ಹೆಚ್ಚು ಏಳುವುದು ಸೆಪ್ಟೆಂಬರ್ 10ರ ಸುಮಾರು. ನಾನು ಹೋಗಿ ಅನ್ನುವ ವಾರವೇ ಅದು. ಇಲ್ಲಿನ ಹಳೇ ಕನ್ನಡಿಗರಿಗೆ ನೆನಪಿರಬಹುದು, 2004ರಲ್ಲಿ ಆರ್ಲ್ಯಾಂಡೊದಲ್ಲಿ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ 'ಅಕ್ಕ'ದ ವಿಶ್ವ ಕನ್ನಡ ಸಮ್ಮೇಳನ ನಡೆದ ಲೇಬರ್ ಡೇ ವಾರಾಂತ್ಯದಲ್ಲೇ ಫ್ರಾನ್ಸಿಸ್ ಚಂಡಮಾರುತ ಬಂದಿತ್ತು. 2017ರಲ್ಲಿ ಇರ್ಮಾಗೆ, 2022ರಲ್ಲಿ ಇಯಾನ್‌ಗೆ ಡಿಸ್ನಿ ಪಾರ್ಕುಗಳು ಎರಡೆರಡು ದಿನ ಮುಚ್ಚಿದ್ದವು.

ಇಯಾನ್ ಸಲ ನಾವು ಹೊರಡುವವರಿದ್ದೆವು. ಸೆಪ್ಟೆಂಬರ್ 28, 29 ಪಾರ್ಕ್ ಇಲ್ಲ ಅಂತ ಸುದ್ದಿ ಬಂದಾಗ ಸೂಟ್‌ಕೇಸ್ ಬಾಗಿಲ ಹತ್ತಿರವೇ ಇತ್ತು. ಅಗ್ಗ ಸಿಗುತ್ತದೆ ಅಂತ ಹೊರಗಿನ ಒಂದು ಹೋಟೆಲಿನಲ್ಲಿ, ರದ್ದು ಮಾಡಿದರೆ ಹಣ ವಾಪಸ್ ಇಲ್ಲ ಅನ್ನುವ ದರಕ್ಕೆ ಕೋಣೆ ಹಿಡಿದಿದ್ದೆವು. ಮೂರು ರಾತ್ರಿಯ ದುಡ್ಡು ಪೂರ್ತಿ ಹೋಯಿತು. ಪಾರ್ಕಿನ ಟಿಕೆಟ್ಟಿನ ಹಣವನ್ನು ಮಾತ್ರ ಮುಂದಿನ ಟಿಕೆಟ್ಟಿಗೆ ಹೊಂದಿಸಿಕೊಂಡೆವು. ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಸೆಪ್ಟೆಂಬರ್ ಪ್ರವಾಸಕ್ಕೆ ಹತ್ತು ಡಾಲರ್ ಹೆಚ್ಚಾದರೂ ರದ್ದು ಮಾಡಬಹುದಾದ ಕೋಣೆಯೇ. ಡಿಸ್ನಿಯ ಕಡೆಯಿಂದಲೇ ನೇರವಾಗಿ ಕೋಣೆ ಹಿಡಿದರೆ, ನೀವು ತಲುಪಬೇಕಾದ ದಿನಕ್ಕೆ ಏಳು ದಿನದೊಳಗೆ ರಾಷ್ಟ್ರೀಯ ಚಂಡಮಾರುತ ಕೇಂದ್ರ ಆರ್ಲ್ಯಾಂಡೊಗೋ ನಿಮ್ಮ ಊರಿಗೋ ಎಚ್ಚರಿಕೆ ಕೊಟ್ಟರೆ, ಅವರ ಕಡೆಯ ದಂಡವಿಲ್ಲದೆ ದಿನಾಂಕ ಬದಲಿಸಬಹುದು. ಅಲ್ಲೇ ಇರುವಾಗ ಎಚ್ಚರಿಕೆ ಬಂದರೆ ಮಾತ್ರ ಯೋಚಿಸಬೇಡಿ, ಹೊರಡಿ ಅಂದಾಗ ಹೊರಟುಬಿಡಿ.

ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ವಿಷಯ ಹ್ಯಾಲೋವೀನ್ ಪಾರ್ಟಿ. ಆಗಸ್ಟಿನಿಂದಲೇ ವಾರದಲ್ಲಿ ಕೆಲವು ರಾತ್ರಿ ಮ್ಯಾಜಿಕ್ ಕಿಂಗ್ಡಮ್ಮಿನಲ್ಲಿ ಬೇರೆ ಟಿಕೆಟ್ಟಿನ ಪಾರ್ಟಿ ಇರುತ್ತದೆ. ಆ ದಿನಗಳಲ್ಲಿ ಮಾಮೂಲಿ ಟಿಕೆಟ್ಟಿನವರನ್ನು ಸಂಜೆ ಆರಕ್ಕೇ ಹೊರಗೆ ಕಳಿಸುತ್ತಾರೆ. ಇದು ಗೊತ್ತಿಲ್ಲದೆ, ರಾತ್ರಿ ಪಟಾಕಿ ನೋಡಬೇಕು ಅಂತ ಕಾದು ಕೂತಿದ್ದ ಸಂಸಾರವೊಂದು ಅಳುವ ಮಗುವನ್ನು ಎತ್ತಿಕೊಂಡು ಹೊರಗೆ ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ, ಸಂಕಟವಾಯಿತು. ಗೊತ್ತಿದ್ದರೆ ಇದೇ ನಿಮಗೆ ಲಾಭ. ಪಟಾಕಿ ಇಲ್ಲ ಅಂತ ಜನ ಆ ದಿನ ಬರುವುದಿಲ್ಲ, ಹಗಲೆಲ್ಲ ಪಾರ್ಕ್ ಖಾಲಿ ಖಾಲಿ. ನಮಗೆ ಎಲ್ಲರೂ ಮುಗಿಬೀಳುವ ಸೆವೆನ್ ಡ್ವಾರ್ಫ್ಸ್ ಅನ್ನುವ ರೈಲಿನ ರೈಡಿಗೆ ಅರ್ಧ ಗಂಟೆಯೂ ನಿಲ್ಲಬೇಕಾಗಲಿಲ್ಲ. ರೈಡುಗಳಿಗೆ ಪಾರ್ಟಿ ಇರುವ ದಿನ, ಪಟಾಕಿಗೆ ಪಾರ್ಟಿ ಇಲ್ಲದ ಒಂದು ಸಂಜೆ ಅಂತ ಇಟ್ಟುಕೊಳ್ಳಿ.

ಸೆಪ್ಟೆಂಬರಿನಲ್ಲಿ ಪಾರ್ಕುಗಳು ಬೇಸಿಗೆಗಿಂತ ಬೇಗ ಮುಚ್ಚುತ್ತವೆ, ಒಂದೆರಡು ರೈಡುಗಳನ್ನು ರಿಪೇರಿಗೆ ನಿಲ್ಲಿಸಿರುತ್ತಾರೆ. ಮಗು ಯಾವುದೋ ಒಂದು ರೈಡಿಗಾಗಿಯೇ ವರ್ಷವಿಡೀ ಕಾಯುತ್ತಿದ್ದರೆ ಅದು ನಡೆಯುತ್ತಿದೆಯಾ ಅಂತ ಮೊದಲೇ ನೋಡಿ. ಮಗುವಿನ ಎತ್ತರವನ್ನೂ ಮನೆಯಲ್ಲೇ ಅಳೆದುಕೊಳ್ಳಿ. ಸೆವೆನ್ ಡ್ವಾರ್ಫ್ಸಿಗೆ 38 ಇಂಚು, ಸ್ಪೇಸ್ ಮೌಂಟನ್‌ಗೆ 44, ಟ್ರಾನ್‌ಗೆ 48 ಇಂಚು ಬೇಕು. ಸಾಲಿನ ಬಾಗಿಲಲ್ಲಿ ಕೋಲು ಹಿಡಿದು ಅಳೆದು ವಾಪಸ್ ಕಳಿಸಿದರೆ ಮಗುವಿನ ಮುಖ ನೋಡಲಾಗದು. ಮೂರು ತುಂಬದ ಮಕ್ಕಳಿಗೆ ಟಿಕೆಟ್ ಬೇಡ.

"ಶಾಲೆ ತಪ್ಪಿಸಿ ಕರೆದುಕೊಂಡು ಹೋಗಬಹುದಾ?" ಅಂತಲೂ ಕೇಳುತ್ತಾರೆ. ಹೈಸ್ಕೂಲಿನವರನ್ನು ನಾನು ತಪ್ಪಿಸುವುದಿಲ್ಲ. ಅದಕ್ಕೇ ಅಮ್ಮನನ್ನು ಕರೆದುಕೊಂಡು ಹೋದ ಸಲ ದೊಡ್ಡ ಮಗಳು ಅವಳ ಅಪ್ಪನ ಜೊತೆ ಮನೆಯಲ್ಲೇ ಉಳಿದಳು, ನನ್ನ ತಮ್ಮ ಕಾರು ಓಡಿಸಿಕೊಂಡು ಬಂದ. ಐದನೇ ತರಗತಿಯ ಒಳಗಿನವರಾದರೆ ಟೀಚರಿಗೆ ಮೊದಲೇ ಹೇಳಿ ಕೆಲವು ದಿನ ರಜೆ ತೆಗೆದುಕೊಳ್ಳುವುದರಲ್ಲಿ ತಪ್ಪು ಕಾಣುವುದಿಲ್ಲ. ಉತ್ತರದ ರಾಜ್ಯದವರಿಗೆ ಅದು ಶಾಲೆಯ ಮೊದಲ ವಾರ, ಅವರು ಇನ್ನೊಂದು ವಾರ ಬಿಟ್ಟು ಹೊರಡಲಿ. ನಿಜವಾಗಿ ಈ ಕಾಲ ಹೇಳಿ ಮಾಡಿಸಿದ್ದು ಇನ್ನೂ ಶಾಲೆಗೆ ಸೇರದ ಮಕ್ಕಳಿಗೆ, ಅಜ್ಜ ಅಜ್ಜಿಯರಿಗೆ. ಮನೆಯ ಹಿರಿಯರು ಪಿತೃಪಕ್ಷ ಪಾಲಿಸುವವರಾದರೆ ಪಂಚಾಂಗ ನೋಡಿಯೇ ದಿನ ಗೊತ್ತು ಮಾಡಿ, ಹಲವು ವರ್ಷ ಅದೂ ಸೆಪ್ಟೆಂಬರಿಗೇ ಬರುತ್ತದೆ. 2026ರಲ್ಲಿ ಲೇಬರ್ ಡೇ ಸೆಪ್ಟೆಂಬರ್ 7, ಗಣೇಶ ಚತುರ್ಥಿ 14. ನಡುವಿನ 8ರಿಂದ 11ರವರೆಗಿನ ನಾಲ್ಕು ದಿನ ನಾನಾದರೆ ಬಿಡುವುದಿಲ್ಲ.

ಊಟಕ್ಕೆ ಚಿಂತೆ ಬೇಡ. ಪಾರ್ಕಿನೊಳಗೆ ಮನೆಯ ಊಟ ಒಯ್ಯಬಹುದು, ಗಾಜಿನ ಡಬ್ಬಿ ಮಾತ್ರ ಬೇಡ. ಕೌಂಟರಿನಲ್ಲಿ ಕೇಳಿದರೆ ಐಸ್ ಹಾಕಿದ ನೀರು ಪುಕ್ಕಟೆ ಕೊಡುತ್ತಾರೆ. ನಾವು ಬೆಳಗ್ಗೆ ಪುಳಿಯೋಗರೆ ಕಲಸಿಕೊಂಡು ಹೋಗುತ್ತಿದ್ದೆವು. ಒಂದು ರಾತ್ರಿ ಡಿಸ್ನಿಯದೇ ಹೋಟೆಲಾದ ಅನಿಮಲ್ ಕಿಂಗ್ಡಮ್ ಲಾಡ್ಜಿನಲ್ಲಿರುವ 'ಸನಾ' ಊಟದ ಮನೆಗೆ ಹೋಗಿ. ಐದು ಬಗೆಯ ರೊಟ್ಟಿ, ಒಂಬತ್ತು ಬಗೆಯ ಚಟ್ನಿ ರಾಯತ ತಟ್ಟೆ ತುಂಬ ತಂದಿಡುತ್ತಾರೆ. ಕತ್ತಲಾಗುವ ಮೊದಲು ಹೋದರೆ ಕಿಟಕಿಯಾಚೆ ಜೀಬ್ರಾ ಮೇಯುವುದು ಕಾಣುತ್ತದೆ.

ಅಪ್ಪ ಅಮ್ಮ "ನಾನು ನಡೀತೀನಿ" ಅಂದರೂ ಬಾಗಿಲಲ್ಲೇ ವೀಲ್‌ಚೇರ್ ಬಾಡಿಗೆಗೆ ತೆಗೆದುಕೊಳ್ಳಿ. ಮೊದಲ ದಿನ ನನ್ನ ಫೋನ್ 19,000 ಹೆಜ್ಜೆ ತೋರಿಸಿತು. ಅಮ್ಮ ಅಷ್ಟನ್ನೂ ನಡೆದು ರಾತ್ರಿ ಕಾಲು ಒತ್ತಿಕೊಳ್ಳುತ್ತಾ ಕೂತಿದ್ದರು. ಎರಡನೇ ದಿನ ಕುರ್ಚಿ ಬಂತು. ಅದರ ಹಿಡಿಕೆಗೆ ರೇನ್‌ಕೋಟುಗಳ ಚೀಲ ನೇತುಹಾಕಿ, ಒಂದು ಜೊತೆ ಒಣ ಚಪ್ಪಲಿಯನ್ನೂ ಅದರೊಳಗೆ ಇಟ್ಟುಕೊಂಡೆವು. ಮೂರು ಗಂಟೆಯ ಮಳೆ ಆದ ಮೇಲೆ ಅಮ್ಮ ಒದ್ದೆ ಚಪ್ಪಲಿ ಬಿಚ್ಚಿ ಅದನ್ನು ಮೆಟ್ಟಿಕೊಂಡು, "ಈಗ ಎಲ್ಲಿಗೆ?" ಅಂದರು.