ಅಂಗಳದ ಮುರುಗಲು: ಗಂಡೋ ಹೆಣ್ಣೋ?

ಸಾಗರ, ಹೊಸನಗರದ ಕಡೆ ಅಂಗಳಕ್ಕೆ ನಿತ್ಯಹಸುರಿನ ಮರ ಬೇಕೆಂದರೆ ಮುರುಗಲೇ (ಪುನರ್ಪುಳಿ, ಕೋಕಂ) ಸೈ. ಚಿಗುರು ಕೆಂಪು, ಎಲೆ ಕಡುಹಸುರು, ಕೊಂಬೆಗಳು ಇಳಿಬಿದ್ದು ಮರ ಗೋಪುರದಂತೆ ಏಳುತ್ತದೆ.

ತೊಡಕಿರುವುದು ಬೀಜದ ಸಸಿಯಲ್ಲಿ. ಗಂಡುಮರ, ಹೆಣ್ಣುಮರ ಬೇರೆಬೇರೆ. ಸುಮಾರು ಅರ್ಧದಷ್ಟು ಸಸಿ ಗಂಡಾಗಿಬಿಡುತ್ತವೆ. ಅದು ಗೊತ್ತಾಗುವುದು ಹೂ ಬಿಟ್ಟಾಗ, ಅಂದರೆ ಆರೇಳು ವರ್ಷದ ಮೇಲೆ! ಬರೀ ನೆರಳು ಸಾಕೆಂದರೆ ಗಂಡಾದರೂ ಚಿಂತೆಯಿಲ್ಲ. ಹಣ್ಣು ಬೇಕಿದ್ದರೆ ಹೆಣ್ಣುಮರದ ಕಸಿ ಗಿಡವನ್ನೇ ತನ್ನಿ, ಮೂರ್ನಾಲ್ಕು ವರ್ಷಕ್ಕೆ ಫಸಲು ಶುರು. ಕೊಳ್ಳುವಾಗ ನೆಟ್ಟಗೆ ಬೆಳೆದದ್ದನ್ನೇ ಆರಿಸಿ. ಅಡ್ಡಕೊಂಬೆಯ ಕಡ್ಡಿ ಕಟ್ಟಿದ ಕಸಿ ಮೇಲೇಳದೆ ಪೊದೆಯಂತೆ ಹರಡುತ್ತದೆ. ಕೋಲು ಕಟ್ಟಿದರೂ ಪೂರ್ತಿ ಸರಿಹೋಗದು.

ಗೋಡೆಯಿಂದ 4–5 ಮೀಟರ್ ದೂರದಲ್ಲಿ 60 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಎರಡು ಬುಟ್ಟಿ ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ನೆಡುವುದು ಜೂನ್‌ನಲ್ಲಿ, ಮಣ್ಣು ನೆನೆದ ಮೇಲೆ. ಕಸಿ ಕಟ್ಟಿದ ಗಂಟು ನೆಲಕ್ಕಿಂತ ಮೇಲಿರಲಿ; ಅದರ ಕೆಳಗಿನ ಚಿಗುರನ್ನು ಕಂಡಕೂಡಲೇ ಚಿವುಟಿ, ಇಲ್ಲದಿದ್ದರೆ ಕಸಿಯೇ ಸೊರಗುತ್ತದೆ. ಬುಡವನ್ನು ದಿಬ್ಬ ಮಾಡಿ, ಆಟಿ (ಜುಲೈ–ಆಗಸ್ಟ್) ಮಳೆಯ ನೀರು ನಿಂತರೆ ಬೇರು ಕೊಳೆಯುತ್ತದೆ. ಮೊದಲೆರಡು ಬೇಸಿಗೆಗೆ ದರಕಿನ (ಒಣಎಲೆಯ) ಹೊದಿಕೆ, ವಾರಕ್ಕೆರಡು ಸಲ ನೀರು, ಪಶ್ಚಿಮಕ್ಕೊಂದು ಸೋಗೆಯ ಮರೆ.