ಬಲ್ಬು ಉರಿದರೆ ಸಾಕೇ?

"ಎಲ್ಲ ಪ್ಲಗ್ಗೂ ಕೆಲಸ ಮಾಡ್ತಿವೆ ಅಂದ ಮಾತ್ರಕ್ಕೆ ವೈರಿಂಗ್ ಸರಿ ಇದೆ ಅಂದ್ಕೋಬೇಡ." ಇಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಪಕ್ಕದ ಮನೆಯ ಅಜ್ಜ ಮೊನ್ನೆ ಹೇಳಿದ ಮಾತು. ಅವರು ರಿಟೈರ್ ಆದ ಎಲೆಕ್ಟ್ರಿಷಿಯನ್.

ಇಲ್ಲಿನ ವೈರಿಂಗ್ ನಮ್ಮ ಹಾಗಲ್ಲ. ಬೋರ್ಡಿನಿಂದ ಹೊರಟ ವೈರು ಪ್ಲಗ್ಗುಗಳನ್ನೆಲ್ಲ ಸುತ್ತಿ ಮತ್ತೆ ಅದೇ ಬೋರ್ಡಿಗೆ ಬರುತ್ತದೆ. ರಿಂಗ್ ಅಂತಾರೆ. ಎರಡನೇ ಮಹಾಯುದ್ಧದ ನಂತರ ತಾಮ್ರಕ್ಕೆ ಬರ ಇದ್ದಾಗ ಬಂದ ಪದ್ಧತಿ. ಕರೆಂಟ್ ಎರಡೂ ಕಡೆಯಿಂದ ಹರಿಯುವುದರಿಂದ 2.5 ಚದರ ಮಿಲಿಮೀಟರ್ ವೈರಿಗೆ 32 ಆಂಪಿಯರ್ ಬ್ರೇಕರ್ ಹಾಕುತ್ತಾರೆ. ನಡುವೆ ಎಲ್ಲೋ ವೈರು ತುಂಡಾದರೆ? ಏನೂ ಗೊತ್ತಾಗಲ್ಲ. ಲೋಡೆಲ್ಲ ಒಂದೇ ಕಡೆ ಬಿದ್ದು, ಬ್ರೇಕರ್ ಟ್ರಿಪ್ ಆಗದೆಯೇ ವೈರು ಗೋಡೆಯೊಳಗೆ ಬಿಸಿಯಾಗಬಹುದು. ನಮ್ಮ ಅಡುಗೆಮನೆಯಲ್ಲಿ ವೈರು ಹಾಗೇ ತುಂಡಾಗಿತ್ತು. ಅಜ್ಜ ಎರಡೂ ತುದಿ ಬಿಚ್ಚಿ ಮೀಟರ್ ಹಿಡಿದಾಗಲೇ ತಿಳಿದಿದ್ದು.

ನನಗೆ ಶಿರಸಿ ಹತ್ತಿರದ ನಮ್ಮ ಮನೆ ನೆನಪಾಯಿತು. ಮಳೆಗಾಲದಲ್ಲಿ ಮರ ಬಿದ್ದು ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರು, ಹೋದರೆ, ಊರಲ್ಲಿ ಕೈಕೆಲಸ ಗೊತ್ತಿದ್ದವರು ಯಾರಾದರೂ ಬಂದು ಬಲ್ಬಿನ ಒಂದು ವೈರನ್ನು ಅರ್ಥಿಂಗ್ ಪೈಪಿಗೆ ಸುತ್ತುತ್ತಿದ್ದರು. ಬಲ್ಬು ಉರಿಯುತ್ತಿತ್ತು. ಅವರಿಗೆ ಚಾ ಕೊಟ್ಟು ಕಳಿಸುತ್ತಿದ್ದೆವು. ಆ ವೈರನ್ನು ಆಮೇಲೆ ಯಾರೂ ಬಿಚ್ಚುತ್ತಿರಲಿಲ್ಲ. ಏಪ್ರಿಲ್‌ನಲ್ಲಿ ನೆಲ ಒಣಗಿ ಬಲ್ಬು ಮಂಕಾದರೆ ಆಯಿ ಒಂದು ಕೊಡ ನೀರು ತಂದು ಪೈಪಿನ ಬುಡಕ್ಕೆ ಹೊಯ್ಯುತ್ತಿದ್ದಳು. ಬಲ್ಬು ಮತ್ತೆ ಬೆಳಗುತ್ತಿತ್ತು, ನಾವು ಮಕ್ಕಳು ಖುಷಿಪಡುತ್ತಿದ್ದೆವು. ನೆಲ ಒಣಗಿದಾಗ ಆ ಪೈಪಿನಲ್ಲೇ ಕರೆಂಟ್ ನಿಂತಿರುತ್ತದೆ, ಅದೇ ಅರ್ಥಿಂಗ್‌ಗೆ ಸೇರಿದ ಮಿಕ್ಸಿ, ಪಂಪಿನ ಮೈಯಲ್ಲೂ ಇರುತ್ತದೆ ಅಂತ ಒಬ್ಬರೂ ಹೇಳಿರಲಿಲ್ಲ. ಈಗ ನೆನೆದರೆ ಮೈ ನಡುಗುತ್ತದೆ.

ತಮ್ಮನಿಗೆ ಫೋನ್ ಮಾಡಿದೆ. "ಇಷ್ಟ್ ವರ್ಷ ಎಂತಾ ಆಗ್ಲಿಲ್ಲ ಮಾರಾಯ" ಅಂದ. ನಮ್ಮೂರಿನ ಈ ಮಾತು ನನಗೆ ಸಿಟ್ಟು ತರಿಸುತ್ತದೆ. ಊರಿನವರಿಗೆ ಬುದ್ಧಿ ಕಡಿಮೆ ಅಂತಲ್ಲ. ತೋಟಕ್ಕೆ ನೀರು ಹಾಯಿಸಲು ಅಷ್ಟೆಲ್ಲ ಲೆಕ್ಕ ಹಾಕುವವರು, ಮನೆಯ ಕರೆಂಟಿನ ವಿಷಯದಲ್ಲಿ ಮಾತ್ರ ಉರಿದರೆ ಸಾಕು ಅಂತಾರಲ್ಲ!

ಬಿಡಲಿಲ್ಲ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸು ಅಂತ ಹಠ ಹಿಡಿದೆ. ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬರದೆ ಬೇರೆ ದಾರಿ ಹಿಡಿದರೆ ಅದು ಕೂಡಲೇ ಲೈನ್ ಕಡಿಯುತ್ತದೆ. ಕೊನೆಗೆ ಒಪ್ಪಿ ಹಾಕಿಸಿದ. ಅದೇ ಸಂಜೆ ಕೊಟ್ಟಿಗೆಯ ಸ್ವಿಚ್ ಒತ್ತಿದ್ದೇ ತಡ, ಇಡೀ ಮನೆ ಕತ್ತಲು. ವೈರು ಹಿಡಿದು ಹೋಗಿ ನೋಡಿದರೆ ಅರ್ಥಿಂಗ್ ಪೈಪಿಗೇ ಸೇರಿತ್ತಂತೆ. ಆಯಿ ದಿನಾ ಹಾಲು ಕರೆಯುವ ಕೊಟ್ಟಿಗೆ ಅದು. ಮರುದಿನವೇ ಬಿಚ್ಚಿಸಿ ಸರಿಯಾದ ನ್ಯೂಟ್ರಲ್ ಎಳೆಸಿದ್ದಾನೆ. ಈಗ ಪಂಪ್‌ಶೆಡ್ಡಿನದ್ದೂ ನೋಡಿಸುತ್ತೇನೆ ಅಂದಿದ್ದಾನೆ.