ಮಿರಜಿನ ದಾರ, ಕೋಥ್ರೂಡಿನ ಗಿಟಾರು

ಪುಣೆಗೆ ಬಂದು ಒಂಬತ್ತು ವರ್ಷ ಆಯ್ತು, ಅದ್ರಲ್ಲಿ ಹತ್ತಿರ ಹತ್ತಿರ ಆರು ವರ್ಷ ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್ ತರ ಕೇಳಿಸ್ಬೇಕು ಅನ್ನೋ ಒಂದೇ ಹಟದಲ್ಲಿ ಹೋಯ್ತು. ಅವರ 1979ರ ಆಲ್ಬಮ್‌ನಲ್ಲಿ ಗಿಟಾರ್ ಒಂದೇ ಮುಂದೆ ಬಂದು ನುಡಿಯೋ ಆ ಸೋಲೋ ಇದ್ಯಲ್ಲ, ಎಲೆಕ್ಟ್ರಿಕ್ ಗಿಟಾರ್ ಹಿಡಿದವರು ಒಂದಲ್ಲ ಒಂದಿನ ಅದರ ಹಿಂದೆ ಬಿದ್ದೇ ಬೀಳ್ತಾರೆ, ನಾನೂ ಬಿದ್ದೆ. ಅವರ ತರದ್ದೇ ಸ್ಟ್ರಾಟೋಕಾಸ್ಟರ್ ಗಿಟಾರ್ ತಗೊಂಡೆ, ಸೌಂಡನ್ನ ಒರಟು ಮಾಡೋ ಬಿಗ್ ಮಫ್ ಪೆಡಲ್ ತಗೊಂಡೆ, ಪ್ರತಿಧ್ವನಿ ಕೊಡೋ ಡಿಲೇ ತಗೊಂಡೆ, ಅವರು ಹಾಕೋ ತಂತಿ ದಪ್ಪ ಎಷ್ಟು ಅಂತ ಓದಿ ಅದೇ .010ರಿಂದ .048 ಇಂಚಿನ ಸೆಟ್ ಹುಡುಕಿ ತರಿಸ್ದೆ. 2019ರ ಜೂನಲ್ಲಿ ಅವರ ಕಪ್ಪು ಸ್ಟ್ರಾಟ್ ನ್ಯೂಯಾರ್ಕ್ ಹರಾಜಲ್ಲಿ ಸುಮಾರು 40 ಲಕ್ಷ ಡಾಲರ್‌ಗೆ ಹೋಯ್ತಲ್ಲ, ಆ ಸುದ್ದಿ ಓದಿದ ದಿನ ನಂಗೆ ಆಫೀಸ್ ಕೆಲಸಕ್ಕೇ ಮನಸ್ಸು ಬರ್ಲಿಲ್ಲ.

ಆದ್ರೆ ಕೋಥ್ರೂಡಿನ ನನ್ನ ರೂಮಲ್ಲಿ ಆ ಸೌಂಡ್ ಬರ್ಲೇ ಇಲ್ಲ. ಕಾರಣ ಆಮೇಲೆ ಗೊತ್ತಾಯ್ತು. ಅವರದ್ದು ಹೈವಾಟ್ ಅನ್ನೋ ಕಂಪನಿಯ ಆಂಪ್, ಅಂದ್ರೆ ಗಿಟಾರ್ ಸೌಂಡನ್ನ ದೊಡ್ಡದು ಮಾಡೋ ಪೆಟ್ಟಿಗೆ, 100 ವಾಟ್, ವಾಲ್ವ್ ಇರೋದು. ಅಷ್ಟು ಜೋರಾದ ಸೌಂಡ್ ಗಾಳಿಯನ್ನೇ ತಳ್ಳತ್ತೆ, ಆ ಗಾಳಿ ವಾಪಸ್ ಬಂದು ತಂತಿಯನ್ನ ಅಲುಗಾಡಿಸತ್ತೆ, ಅದಕ್ಕೇ ಆ ಸ್ವರ ಸಾಯದೇ ಹಂಗೇ ನಿಲ್ಲೋದು. ನಂದು 10 ವಾಟಿನ ಪುಟ್ಟ ಡಬ್ಬ, ಗೋಡೆ ಆ ಕಡೆ ಎಂಬತ್ತು ದಾಟಿದ ಅಜ್ಜಿ, ರಾತ್ರಿ ಹತ್ತು ಗಂಟೆ. ಇನ್ನೊಂದು ವಿಷ್ಯ ಏನಂದ್ರೆ ಸೌಂಡ್ ಸಣ್ಣದಿದ್ದಾಗ ನಮ್ಮ ಕಿವಿಗೆ ಬೇಸ್ (ತಗ್ಗು ಸೌಂಡ್) ಮತ್ತೆ ಟ್ರೆಬಲ್ (ಎತ್ತರದ ಸೌಂಡ್) ಕಮ್ಮಿ ಕೇಳಿಸತ್ತೆ, ಫ್ಲೆಚರ್ ಮತ್ತೆ ಮನ್ಸನ್ ಅನ್ನೋರು 1933ರಲ್ಲೇ ಇದನ್ನ ಅಳೆದು ತೋರ್ಸಿದಾರೆ, ಹಂಗಾಗಿ ರೂಮಲ್ಲಿ ಕೂತು ಟೋನ್ ಸೆಟ್ ಮಾಡೋರು ಗೊತ್ತಿಲ್ದೇ ಬೇಸು ಟ್ರೆಬಲ್ಲು ಎರಡನ್ನೂ ಏರಿಸಿ ಮಧ್ಯದ ಸೌಂಡ್, ಅಂದ್ರೆ ಮಿಡ್ ಇಳಿಸ್ಬಿಡ್ತಾರೆ, ಕೇಳೋಕೆ ದೊಡ್ಡದಾಗಿ, ಚೆನ್ನಾಗೇ ಇರತ್ತೆ. ಅದನ್ನೇ ಹೊತ್ಕೊಂಡು ಬ್ಯಾಂಡ್ ಪ್ರಾಕ್ಟೀಸಿಗೆ ಹೋದ್ರೆ? ಕೆಳಗಿನ ಜಾಗ ಬೇಸ್ ಗಿಟಾರು, ಕಿಕ್ ಡ್ರಮ್ಮಿಂದು, ಮೇಲಿನ ಜಾಗ ಡ್ರಮ್ ಸೆಟ್ಟಿನ ಸಿಂಬಲ್ ತಟ್ಟೆಗಳದ್ದು, ಗಿಟಾರಿಗೆ ಅಂತ ಇರೋದು ಆ ಮಧ್ಯದ ಜಾಗ ಮಾತ್ರ, ಅದನ್ನೇ ನಾನು ಕೈಯಾರೆ ಕಿತ್ತು ಹಾಕಿದ್ದೆ. ಕರ್ವೆ ರೋಡ್ ಹತ್ರ ಒಂದು ಬೇಸ್‌ಮೆಂಟಲ್ಲಿ ನಾವು ಸೇರ್ತೀವಿ, ಅಲ್ಲಿ ಹಾಡು ಮುಗಿದ್ಮೇಲೆ ನಮ್ಮ ಡ್ರಮ್ಮರ್ ಕೇಳಿದ್ದು ಒಂದೇ ಪ್ರಶ್ನೆ, ‘ಅರೇ, ತುಝೀ ಗಿಟಾರ್ ಕುಠೇ ಆಹೇ?’ ನಿನ್ನ ಗಿಟಾರ್ ಎಲ್ಲಿದೆ ಅಂತ. ಅವನು ಸುಮ್ನೆ ಕೇಳಿದ್ದು, ನಂಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ.

ಆಮೇಲೆ ಡಿಜಿಟಲ್ ಕಡೆ ಹೋದೆ. ಈಗ ಯಾವ ಆಂಪನ್ನ ಬೇಕಾದ್ರೂ ಕ್ಯಾಪ್ಚರ್ ಮಾಡಿ, ಅಂದ್ರೆ ಅದರ ಸೌಂಡಿನ ಡಿಜಿಟಲ್ ಕಾಪಿ ತೆಗೆದು ಕೊಡ್ತಾರೆ, ಹೆಡ್‌ಫೋನ್ ಹಾಕ್ಕೊಂಡ್ರೆ ಆಯ್ತು, ಸೌಂಡ್ ನಿಜಕ್ಕೂ ಹತ್ರ ಹತ್ರ ಬರತ್ತೆ. ಅವಾಗ್ಲೇ ನಂಗೆ ಸ್ಪಷ್ಟವಾಗಿದ್ದು. ಆಂಪ್ ಸರಿ ಇದೆ, ಪೆಡಲ್ ಸರಿ ಇದೆ, ಆದ್ರೂ ಅದು ಅವರಲ್ಲ. ಕ್ಯಾಪ್ಚರ್ ಅನ್ನೋದು ಕೇಬಲ್ ಆಚೆಗೆ ಆಗೋದನ್ನ ಹಿಡಿಯತ್ತೆ, ಕೇಬಲ್‌ಗೂ ಮೊದ್ಲು ಕೈ ಇದೆ. ಪಿಕ್ಕನ್ನ ತಂತಿಗೆ ಎಷ್ಟು ಓರೆ ಹಿಡೀತೀಯ, ಬ್ರಿಡ್ಜ್ ಹತ್ರ ಮೀಟ್ತೀಯೋ ಕತ್ತಿನ ಹತ್ರಾನೋ, ಸ್ವರ ಹತ್ತಿದ ಮೇಲೆ ಅಲುಗಾಡ್ಸೋಕೆ ಯಾವಾಗ ಶುರು ಮಾಡ್ತೀಯ, ಇದೆಲ್ಲ ಯಾವ ಡಬ್ಬದಲ್ಲೂ ಸಿಗಲ್ಲ. ಒಂದು ಶನಿವಾರ ಅವರ ಸೋಲೋನ ಅರ್ಧ ಸ್ಪೀಡಿಗೆ ಇಳಿಸಿ ಕೇಳ್ದೆ, ನಂದನ್ನೂ ರೆಕಾರ್ಡ್ ಮಾಡಿ ಹಂಗೇ ಇಳಿಸಿ ಕೇಳ್ದೆ. ಅವರು ಸ್ವರ ಹತ್ತಿಸಿ ಒಂದು ಕ್ಷಣ ಸುಮ್ನೆ ನಿಲ್ಲಿಸ್ತಾರೆ, ಏನೂ ಮಾಡಲ್ಲ, ಆಮೇಲೆ ನಿಧಾನಕ್ಕೆ ಅಲೆ ಎಬ್ಬಿಸ್ತಾರೆ. ನಂದು ಹತ್ತೋ ಮೊದ್ಲೇ ಗಡಗಡ ಅಂತಿತ್ತು.

ಹಂಗಂತ ಕಾಪಿ ಮಾಡೋದೇ ತಪ್ಪು ಅಂತ ಯಾರಾದ್ರೂ ಅಂದ್ರೆ ನಾನು ಖಂಡಿತ ಒಪ್ಪಲ್ಲ. ನಾವು ಧಾರವಾಡದ ಕಡೆಯೋರು, ಗುರುವಿನ ಮುಂದೆ ಕೂತು ಅವರು ಅಂದಿದ್ದನ್ನ ಹಂಗೇ ಅನ್ನೋದೇ ಕಲಿಯೋ ದಾರಿ ಅಂತ ನೋಡ್ಕೊಂಡೇ ಬೆಳೆದಿದೀವಿ. ಕುಮಾರ ಗಂಧರ್ವರನ್ನೇ ನೋಡಿ, ಬೆಳಗಾವಿ ಹತ್ರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹುಡುಗ, ಗ್ರಾಮೋಫೋನ್ ಪ್ಲೇಟಲ್ಲಿ ಕೇಳಿದ ದೊಡ್ಡ ದೊಡ್ಡ ಗಾಯಕರನ್ನ ಇದ್ದಂಗೇ ಹಾಡಿ ತೋರಿಸ್ತಿದ್ರಂತೆ, ಜನ ಬೆರಗಾಗ್ತಿದ್ರು. ಆಮೇಲೆ ಮುಂಬೈಗೆ ಬಂದು ಗುರು ದೇವಧರ ಅವರ ಹತ್ರ ಕಲಿತ್ರು. ಕ್ಷಯ ಆಯ್ತು, ಮಧ್ಯಪ್ರದೇಶದ ದೇವಾಸ್‌ಗೆ ಹೋದ್ರು, ವರ್ಷಗಟ್ಟಲೆ ಹಾಡೋ ಹಂಗೇ ಇರ್ಲಿಲ್ಲ. ಮಲಗಿದಲ್ಲೇ ಮಾಳವದ ಜನಪದ ಹಾಡುಗಳನ್ನ ಕೇಳಿಸ್ಕೊಂಡ್ರು, ಎದ್ದು ಹಾಡಿದಾಗ ಅದು ಬೇರೆ ಯಾರ ತರಾನೂ ಇರ್ಲಿಲ್ಲ. ಆದ್ರೆ ಅಷ್ಟು ಸೂಕ್ಷ್ಮವಾಗಿ ಕೇಳಿಸ್ಕೊಳ್ಳೋ ಕಿವಿ ಎಲ್ಲಿಂದ ಬಂತು? ಚಿಕ್ಕಂದಿನ ಆ ಕಾಪಿಯಲ್ಲೂ ಅದರ ಪಾಲು ಇದ್ದೇ ಇದೆ ಅಂತ ನಾನು ನಂಬ್ತೀನಿ.

ಗಿಟಾರ್‌ನಲ್ಲೂ ಹಿಂಗೇ ಆಗಿರೋದು. ಅಮೆರಿಕದ ಬ್ಲೂಸ್ ಗಿಟಾರಿಸ್ಟ್ ಬಿ.ಬಿ. ಕಿಂಗ್‌ಗೆ ತಮ್ಮ ಸಂಬಂಧಿ ಬುಕ್ಕಾ ವೈಟ್ ತರ ಸ್ಲೈಡ್, ಅಂದ್ರೆ ತಂತಿ ಮೇಲೆ ಕೊಳವೆ ಜಾರಿಸಿ ನುಡಿಸ್ಬೇಕು ಅಂತ ಆಸೆ, ಸ್ಲೈಡ್ ಕೈಗೆ ಹತ್ತಲಿಲ್ಲ, ಅದೇ ಅಳು ಬರ್ಲಿ ಅಂತ ಬೆರಳಲ್ಲೇ ತಂತಿ ಅಲುಗಾಡ್ಸಿದ್ರು, ಅದೇ ಅವರ ಗುರುತಾಯ್ತು. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರಿಸ್ಟ್ ಟೋನಿ ಅಯೋಮಿ ಕತೆ ಇನ್ನೂ ಕಠಿಣ. 1965ರಲ್ಲಿ ಫ್ಯಾಕ್ಟರಿ ಮಷಿನ್‌ಗೆ ಸಿಕ್ಕಿ ಎರಡು ಬೆರಳ ತುದಿ ಹೋಯ್ತು, ಪ್ಲಾಸ್ಟಿಕ್ ಕರಗಿಸಿ ಟೊಪ್ಪಿ ತರ ಮಾಡಿ, ಮೇಲೆ ಚರ್ಮ ಅಂಟಿಸ್ಕೊಂಡು ನುಡಿಸಿದ್ರು, ಬೆರಳಿಗೆ ನೋವಾಗ್ಬಾರ್ದು ಅಂತ ತೆಳು ತಂತಿ ಹಾಕಿದ್ರು, ಮುಂದೆ ಶ್ರುತೀನೂ ಇಳಿಸಿದ್ರು. ಬ್ಲ್ಯಾಕ್ ಸಬ್ಬತ್‌ನ ಆ ಭಾರವಾದ ಸೌಂಡಲ್ಲಿ ಈ ನೋವೂ ಸೇರಿದೆ.

ಈಗ ಮಿರಜ್ ವಿಷ್ಯಕ್ಕೆ ಬರ್ತೀನಿ. ಹೋದ ದೀಪಾವಳಿಗೆ ಊರಿಗೆ ಹೋಗ್ತಾ ನಮ್ಮ ಚಿಕ್ಕಮ್ಮನ ತಂಬೂರಿ ತರೋಕೆ ಅಂತ ಮಿರಜಲ್ಲಿ ಇಳ್ಕೊಂಡೆ, ಅಲ್ಲಿ ವಾದ್ಯ ಮಾಡೋ ಒಬ್ಬ ಹಿರಿಯರ ಅಂಗಡಿಯಲ್ಲಿ ಜವಾರಿ ಮಾಡ್ಸೋಕೆ, ಅಂದ್ರೆ ತಂತಿ ಝೇಂಕಾರ ಸರಿಮಾಡ್ಸೋಕೆ ಕೊಟ್ಟಿದ್ರು. ಗೋಡೆ ತುಂಬ ಒಣಗಿದ ಸೋರೆ ಬುರುಡೆಗಳು, ಅರಗಿನ ವಾಸನೆ, ಆ ಹಿರಿಯರು ನೆಲದ ಮೇಲೆ ಕೂತು ಕುದುರೆಯನ್ನ, ಅಂದ್ರೆ ತಂತಿ ಕೂರೋ ಬ್ರಿಡ್ಜನ್ನ, ಉಜ್ಜಿ ಉಜ್ಜಿ ಊದ್ತಾ ಇದ್ರು. ತಂತಿ ಏರಿಸಿದ್ಮೇಲೆ ಕುದುರೆಗೂ ತಂತಿಗೂ ನಡುವೆ ಒಂದು ಹತ್ತಿ ದಾರ ಹಾಕಿದ್ರು. ಮೀಟಿದ್ರೆ ಸೌಂಡ್ ಮಂಕು. ದಾರವನ್ನ ಉಗುರಲ್ಲಿ ಒಂಚೂರು ಮುಂದಕ್ಕೆ ತಳ್ಳಿದ್ರು, ಕೂದಲೆಳೆ ಅಷ್ಟೇ, ಇಡೀ ಅಂಗಡಿ ಝೇಂ ಅಂತು. ಮೈ ಜುಮ್ ಅಂದ್ಬಿಡ್ತು ನಂಗೆ. ಆದ್ರೆ ಅವರು ಅಲ್ಲಿಗೆ ನಿಲ್ಲಿಸ್ಲಿಲ್ಲ, ಕನ್ನಡದಲ್ಲೇ ಕೇಳಿದ್ರು, ‘ಹಾಡೋರು ಯಾರ್ರೀ? ಯಾವ ಪಟ್ಟಿಗೆ ಹಾಡ್ತಾರ? ದನಿ ಹೆಂಗೈತಿ?’ ಪಟ್ಟಿ ಅಂದ್ರೆ ಶ್ರುತಿ. ಚಿಕ್ಕಮ್ಮನಿಗೆ ಫೋನ್ ಹಚ್ಚಿ ಕೊಟ್ಟೆ. ಅವಳು ಅಲ್ಲಿಂದ ಷಡ್ಜ ಹಿಡಿದ್ಲು, ಇವರು ಫೋನ್ ಕಿವಿಗಿಟ್ಟು ದಾರವನ್ನ ಮತ್ತೆ ಒಂಚೂರು ಹಿಂದಕ್ಕೆ ತಂದ್ರು.

ಆರು ವರ್ಷದಲ್ಲಿ ನಾನು ಗಿಟಾರಿಗೆ ಸಂಬಂಧಪಟ್ಟಂಗೆ ಸಾವಿರ ವಿಡಿಯೋ ನೋಡಿರ್ಬೇಕು, ದುಡ್ಡು ಕೊಟ್ಟು ಒಂದು ಆನ್‌ಲೈನ್ ಕೋರ್ಸೂ ಮಾಡ್ದೆ. ನುಡಿಸೋದು ಯಾರು ಅಂತ ಯಾರೂ ಕೇಳಿರ್ಲಿಲ್ಲ, ನಾನೂ ಕೇಳ್ಕೊಂಡಿರ್ಲಿಲ್ಲ.

ನಾನು ಚಿಕ್ಕವನಿದ್ದಾಗ ಧಾರವಾಡದಲ್ಲಿ ನಾಲ್ಕು ವರ್ಷ ಹಾಡೋಕೆ ಕಲ್ತಿದ್ದೆ, ಕಿರಾಣಾ ಘರಾಣೆಯ ಹಿಂದೂಸ್ತಾನಿ ಪಾಠ, ಒಂದೊಂದು ಸ್ವರಕ್ಕೂ ಕೆಳಗಿನಿಂದ ಮೆಲ್ಲಗೆ ಏರ್ಬೇಕು, ಏರಿ ನಿಲ್ಬೇಕು. ಗಿಟಾರ್ ಹಿಡಿದಾಗ್ಲೂ ಕೈ ತಾನಾಗೇ ಅದನ್ನೇ ಮಾಡ್ತಿತ್ತು, ತಂತಿ ಎಳೆದು ಸ್ವರ ಏರಿಸೋ ಬೆಂಡ್ ಮಾಡಿದ್ರೆ ನೇರ ಸ್ವರಕ್ಕೆ ಹೋಗ್ತಿರ್ಲಿಲ್ಲ, ತಡವಾಗಿ ಸೇರ್ತಿತ್ತು. ಆ ಕೋರ್ಸ್ ಹೇಳ್ಕೊಡೋರು ಇದು ತಪ್ಪು, ಪಿಚ್ ಸ್ಲೋ ಇದೆ, ಕ್ಲೀನ್ ಮಾಡಿ ಅಂದ್ರು, ನಾನು ವರ್ಷಗಟ್ಟಲೆ ಕೂತು ಅದನ್ನ ಅಳಿಸ್ತಾ ಬಂದೆ. ಮಿರಜಿಂದ ವಾಪಸ್ ಬಂದ್ಮೇಲೆ ಅಳಿಸೋದನ್ನ ನಿಲ್ಲಿಸ್ದೆ. ಬಿಗ್ ಮಫ್ ಆಫ್, ಡಿಲೇ ಆಫ್, ಆಂಪಲ್ಲಿ ಮಿಡ್ ವಾಪಸ್ ಏರಿಸಿ, ಗಿಟಾರಿನ ವಾಲ್ಯೂಮ್ 7ಕ್ಕೆ ಇಟ್ಟು, ಆ ಏರಿಕೆಗೇ ಟೈಮ್ ಕೊಟ್ಟು ನುಡಿಸ್ದೆ. ಶುರುವಲ್ಲಿ ಕೈ ಒಪ್ಪಲಿಲ್ಲ, ತುಂಬ ಖಾಲಿ ಖಾಲಿ ಅನ್ಸ್ತು, ಎರಡು ವಾರ ದಿನಾ ಬೇಜಾರಲ್ಲೇ ಎದ್ದೆ.

ಹೋದ ಭಾನುವಾರ ಅದೇ ಬೇಸ್‌ಮೆಂಟಲ್ಲಿ ನಮ್ಮದೇ ಒಂದು ಹಾಡಿನ ಮಧ್ಯ ಹಂಗೇ ನುಡಿಸ್ದೆ. ನಾಲ್ಕನೇ ಸಲ ನುಡಿಸಿದಾಗ ಡ್ರಮ್ಮರ್ ಕಡ್ಡಿ ಕೆಳಗಿಟ್ಟ. ಏನಾಯ್ತೋ ಅಂತ ನೋಡಿದ್ರೆ, ಅದನ್ನ ಇನ್ನೊಂದ್ಸಲ ನುಡಿಸು, ನೀನು ಸ್ವರಕ್ಕೆ ಹೋಗಿ ಮುಟ್ಟೋ ತನಕ ನಾನು ಹೊಡೆಯಲ್ಲ ಅಂದ. ಟೆಂಪೋ ನಿಮಿಷಕ್ಕೆ 92 ಬೀಟ್ ಇತ್ತು, 80ಕ್ಕೆ ಇಳಿಸಿದ್ವಿ, ಆ ಖಾಲಿ ಜಾಗದಲ್ಲಿ ಅವನು ಬರೀ ಹೈ-ಹ್ಯಾಟ್ ಹಿಡ್ಕೊಂಡು ಕಾಯ್ತಾನೆ. ಬರೋ ಭಾನುವಾರ ರೆಕಾರ್ಡಿಂಗ್ ಇದೆ. ಬಿಗ್ ಮಫ್ ಮಾರಿಲ್ಲ, ಬ್ಯಾಗಲ್ಲೇ ಇರತ್ತೆ, ಎರಡನೇ ಹಾಡಿಗೆ ಬೇಕಾಗ್ಬಹುದು.